ಸಿಡ್ಲಪ್ಪನನ್ನು ಕಾಯಿಸಿದ ಲೈನಣ್ಣ

ಅವರು ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಚಹಾದ ಗ್ಲಾಸಾಗಲಿ, ಬಾಗಿಲ ಚಿಲಕವಾಗಲಿ, ನನ್ನ ಅಂಗಡಿಯ ಕಂಪ್ಯೂಟರಾಗಲಿ, ಮೊದಲು ಬೆರಳುಗಳ ಹಿಂಬದಿಯಿಂದ ಒಂದು ಸಲ ಸವರಿ, ಏನೂ ಆಗಲಿಲ್ಲ ಅಂತ ಖಾತ್ರಿಯಾದ ಮೇಲೆಯೇ ಹಿಡಿಯುತ್ತಿದ್ದರು. ಕರೆಂಟಿನ ಕೆಲಸದವರಿಗೆ ಅದು ಅಭ್ಯಾಸ. ಹಿಂಗೈಗೆ ಶಾಕ್ ಹೊಡೆದರೆ ಕೈ ತಾನಾಗಿ ದೂರ ಸರಿಯುತ್ತದಂತೆ, ಅಂಗೈಗೆ ಹೊಡೆದರೆ ಬೆರಳು ಮಡಚಿ ತಂತಿಯನ್ನೇ ಅಪ್ಪಿಕೊಂಡುಬಿಡುತ್ತದಂತೆ. ಅದೇನೋ ಸರಿ. ಆದರೆ ಮದುವೆ ಊಟದಲ್ಲಿ ಹಪ್ಪಳವನ್ನೂ ಹಾಗೆ ಸವರಿ ನೋಡಿದ್ದನ್ನು ಕಣ್ಣಾರೆ ಕಂಡವಳು ನಾನು.

ಆ ಬಲಗೈಯನ್ನು ಒಮ್ಮೆ ನೋಡಿದವರು ಮರೆಯುವ ಹಾಗಿರಲಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗಾಯ ಮಾಯ್ದು ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಕಿರುಬೆರಳು, ಉಂಗುರಬೆರಳು ಎರಡೂ ಮಡಚಿದ್ದು ಮಡಚಿದ ಹಾಗೇ. ಖಾಕಿ ಅಂಗಿ, ಬೆನ್ನ ಹಿಂದೆ ಕಾಲರಿಗೆ ಸಿಕ್ಕಿಸಿದ ಉದ್ದ ಕೊಡೆ, ಗಿಡ್ಡ ಆಳು, ಆಳಿಗಿಂತ ದೊಡ್ಡ ಮೀಸೆ. ಕಾಟ್ಟಿಕುಳಂ ಪೇಟೆಗೆಲ್ಲ ಅವರು ಲೈನ್‌ಮನ್ ಚೇಟ್ಟನ್. ಮನೆಯೊಳಗೆ ಕನ್ನಡ ಆಡುವ ನಮ್ಮಂಥ ಕೆಲವು ಮನೆಯವರಿಗೆ ಮಾತ್ರ ಲೈನಣ್ಣ. ನಮ್ಮ ಹಿರಿಯರ ಹಾಗೆ ಅವರ ಹಿರಿಯರೂ ಯಾವ ಕಾಲದಲ್ಲೋ ಬಾವಲಿ ಹೊಳೆಯ ಆಚೆಯ ಕನ್ನಡ ಸೀಮೆಯಿಂದ ಬಂದು ಗದ್ದೆ ಮಾಡಿಕೊಂಡವರು. ಬೀದಿಯಲ್ಲಿ ನಮ್ಮಿಬ್ಬರದೂ ಮಲಯಾಳಂ, ಅಂಗಡಿಯ ಮೆಟ್ಟಿಲು ಹತ್ತಿದರೆ ಕನ್ನಡ, ಜಗಳ ಬಂದರೆ ಎರಡೂ.

ವಯನಾಡು ಜಿಲ್ಲೆಯಾಗಿ ಇನ್ನೂ ಹೊಸದರಲ್ಲಿ ಅವರು ಕೆಲಸಕ್ಕೆ ಸೇರಿದ್ದು. "ಕಲ್ಪೆಟ್ಟದಾಗೆ ಕಲೆಕ್ಟ್ರಿಗೆ ಕುರ್ಚಿ ಬಂತು, ಕಾಟ್ಟಿಕುಳದಾಗೆ ನಂಗೆ ಏಣಿ ಬಂತು" ಎಂದು ಹೇಳಿ ತಾವೇ ನಗುತ್ತಿದ್ದರು. ಆಗ ಬಾವಲಿ ದಾರಿಗೆ ಕಂಬ ನೆಟ್ಟ ಗುಂಪಿನಲ್ಲಿ ಇವರೂ ಇದ್ದರು. ಲಾರಿ ಹೋಗದ ಕಡೆ ಹೆಗಲ ಮೇಲೆ ಹೊತ್ತು, ಆನೆ ಬಂದರೆ ಕಂಬ ಅಲ್ಲೇ ಹಾಕಿ ಓಡಿ, ಆನೆ ಹೋದ ಮೇಲೆ ಮತ್ತೆ ಬಂದು ಹೊತ್ತು ನೆಟ್ಟ ಕಂಬಗಳು. "ಈ ದಾರಿ ಪೋಸ್ಟೆಲ್ಲ ನನ್ನ ಮಕ್ಕಳಿದ್ದಂಗೆ ಕಣವ್ವ. ಒಂದೆರಡು ಸೊಟ್ಟ ಆಗವೆ. ಮಕ್ಕಳಂದ್ರೆ ಹಂಗೇ ಅಲ್ವಾ?" ಎನ್ನುತ್ತಿದ್ದರು. ಬಸ್ಸಿನಲ್ಲಿ ಅವರ ಪಕ್ಕ ಕೂತರೆ ಮುಗಿಯಿತು, ಪ್ರತಿ ಕಂಬದ ಜಾತಕ ಕೇಳಬೇಕು.

ಅಂಥ ಒಂದು ಕಂಬದ ಮೇಲೆಯೇ ಅವರ ಕೈ ಸುಟ್ಟಿದ್ದು. ಒಂದು ಮದುವೆ ಮನೆಯ ಹತ್ತಿರ ತಂತಿ ಕಡಿದಿತ್ತು. ಟ್ರಾನ್ಸ್‌ಫಾರ್ಮರಿನಲ್ಲಿ ಫ್ಯೂಸ್ ಕಿತ್ತೇ ಹತ್ತಿದ್ದರು. ಆದರೆ ಮದುವೆ ಮನೆಯವರು ಜನರೇಟರ್ ಹಚ್ಚಿದರು, ಅದರ ಕರೆಂಟು ಹಿಂದು ಮುಂದಾಗಿ ಲೈನಿಗೆ ನುಗ್ಗಿತು. ಹಾಗೆ ಆಗಬಾರದೆಂದೇ ಲೈನ್‌ಮನ್‌ಗಳು ಹತ್ತುವ ಮುಂಚೆ ತಂತಿಗಳ ಮೇಲೆ ಒಂದು ಚೈನ್ ಹಾಕಿ ಅದರ ಇನ್ನೊಂದು ತುದಿಯನ್ನು ನೆಲಕ್ಕೆ ಕಟ್ಟುತ್ತಾರೆ. ಎಲ್ಲಿಂದ ಕರೆಂಟು ಬಂದರೂ ಮನುಷ್ಯನನ್ನು ಬಿಟ್ಟು ಮಣ್ಣಿಗೆ ಇಳಿಯಲಿ ಅಂತ. "ಅವತ್ತು ನಾನು ಚೈನ್ ಹಾಕ್ಲಿಲ್ಲ ತಂಗೀ. ಮುಹೂರ್ತಕ್ಕೆ ಲೈಟು ಬೇಕು ಅಂತ ಎಲ್ಲರೂ ಕೆಳಗಿಂದ ಕೂಗ್ತಿದ್ರು. ನನಗೂ ಆತುರ ಹತ್ಬುಡ್ತು." ಇಷ್ಟನ್ನು ಅವರು ನನಗೆ ಹೇಳಿದ್ದು ಒಂದೇ ಸಲ. ಬೇರೆಯವರ ಮೇಲೆ ಒಂದು ಮಾತೂ ಹಾಕಲಿಲ್ಲ.

ಗಾಯ ಮಾಯ್ದು ಕೆಲಸಕ್ಕೆ ವಾಪಸು ಬಂದರು. ಆದರೆ ಏಣಿ ಹತ್ತಲು ಆಗಲಿಲ್ಲ. ಮೊದಲ ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ಮೊಣಕಾಲು ಗಡಗಡ ನಡುಗುತ್ತಿತ್ತಂತೆ, ಬೆವರು ಇಳಿಯುತ್ತಿತ್ತಂತೆ. ಸೆಕ್ಷನ್ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಕೂರಿಸಿದರು. ಕೊನೆಗೆ ಮೇಲಿನವರು ಕರೆದು, ಬರುವ ಮಳೆಗಾಲ ಮುಗಿಯುವುದರೊಳಗೆ ಹತ್ತಿದರೆ ಸರಿ, ಇಲ್ಲವಾದರೆ ಕಲ್ಪೆಟ್ಟದ ಆಫೀಸಿಗೆ ವರ್ಗ, ಅಲ್ಲಿ ಕುರ್ಚಿ ಮೇಲೆ ಕೂತುಕೊಂಡಿರು ಎಂದರು. ಕೇಳಿದವರೆಲ್ಲ ಪುಣ್ಯವಂತ ಕಣಯ್ಯಾ ಎಂದರು. ಫ್ಯಾನಿನ ಕೆಳಗೆ ಕೂತು ಸಂಬಳ ಎಣಿಸೋದು ಯಾರಿಗುಂಟು ಯಾರಿಗಿಲ್ಲ! ಲೈನಣ್ಣನ ಮುಖ ಮಾತ್ರ ಸಾವಿನ ಸುದ್ದಿ ಕೇಳಿದವರ ಹಾಗಾಗಿತ್ತು. ಕಲ್ಪೆಟ್ಟದಲ್ಲಿ ಅವರದೊಂದು ಕಂಬವೂ ಇರಲಿಲ್ಲ.

ಈಗ ನನ್ನ ಅಂಗಡಿಯ ವಿಷಯ ಹೇಳಬೇಕು. ಜಂಕ್ಷನ್ನಿನಲ್ಲಿ ನಾನೊಂದು ಕಂಪ್ಯೂಟರ್ ಸೆಂಟರ್ ಇಟ್ಟಿದ್ದೆ. ಹೆಣ್ಣುಮಗಳು ಒಬ್ಬಳೇ ಅಂಗಡಿ ಇಡೋದುಂಟಾ ಅಂತ ನಮ್ಮವರು ಮೂಗು ಮುರಿದರು. ಮೂಗು ಅವರದು, ಮುರಿದುಕೊಳ್ಳಲಿ ಅಂತ ನಾನು ಸುಮ್ಮನಾದೆ. ಫೋಟೋಸ್ಟಾಟ್, ಅರ್ಜಿ ಟೈಪು ಮಾಡೋದು, ಸಂಜೆ ಪ್ಲಸ್‌ಟು ಹುಡುಗರು ಬಂದು ಆಟ ಆಡೋದು, ಇದು ನನ್ನ ವ್ಯಾಪಾರ. ಕಂಪ್ಯೂಟರಿನ ಡಬ್ಬ ಮುಟ್ಟಿದರೆ ಚುರ್ ಅನ್ನುತ್ತದೆ ಎಂದು ಹುಡುಗರು ದೂರು ಹೇಳಿದಾಗ ಲೈನಣ್ಣನನ್ನು ಕರೆಸಿದೆ. ಅವರು ಬಂದು ಹಿಂಗೈಯಿಂದ ಸವರಿ, "ನಿನ್ನ ಅಂಗಡಿಗೆ ಅರ್ತೇ ಇಲ್ಲವಲ್ಲ ತಂಗೀ, ಇಷ್ಟು ದಿನ ದೇವರೇ ಕಾಪಾಡವನೆ" ಎಂದು ಬೈದು, ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ಸುರಿದು, ಪೈಪು ಹೂತು, ಸೋರಿದ ಕರೆಂಟು ಮಣ್ಣಿಗೆ ಇಳಿದುಹೋಗುವ ಹಾಗೆ ಅರ್ತ್ ಮಾಡಿಕೊಟ್ಟರು. ಕೈ ತೊಳೆದು ಒಳಗೆ ಬಂದಾಗ ಹುಡುಗರು ಆಟದಲ್ಲಿ ಮುಳುಗಿದ್ದರು. ಪರದೆಯ ತುಂಬ ಸಿಡ್ಲಪ್ಪ ನಿಂತಿದ್ದ.

ಆ ಆಟ ಹೇಗೆಂದರೆ, ನಾವೊಬ್ಬ ಯೋಧನ ವೇಷ ಹೊತ್ತು ಊರೂರು ಸುತ್ತಬೇಕು, ಕತ್ತಿ, ಕವಚ, ಮದ್ದು ಕೂಡಿಸಿಕೊಳ್ಳಬೇಕು. ಒಂದೊಂದು ಸೀಮೆಯ ಕೊನೆಗೆ ಒಬ್ಬ ದೊಡ್ಡ ವೈರಿ. ಹುಡುಗರು ಬಾಸ್ ಅನ್ನುತ್ತಿದ್ದರು. ಒಬ್ಬ ಬರಿಯ ಕಲ್ಲಿನವನು, ಒಬ್ಬಳು ನೀರಿನವಳು, ಒಬ್ಬ ಬೆಂಕಿಯವನು. ಎಲ್ಲರಿಗಿಂತ ಕೊನೆಗೆ, ಒಂದು ಗವಿಯ ಒಳಗೆ, ಸಿಡಿಲಿನವನು. ಮಾಂಸ ಇಲ್ಲ, ಮೂಳೆ ಇಲ್ಲ, ಮೈಯೆಲ್ಲ ನೀಲಿ ನರಗಳ ಹಾಗೆ ಮಿಂಚು. ಅವನು ಕೈ ಎತ್ತಿದರೆ ಪರದೆ ಬೆಳ್ಳಗಾಗುತ್ತಿತ್ತು. ಅವನಿಗೊಂದು ಇಂಗ್ಲಿಷ್ ಹೆಸರಿತ್ತು, ನಾನು ಸಿಡ್ಲಪ್ಪ ಎಂದು ಕರೆದೆ, ಮಲಯಾಳಿ ಹುಡುಗರೂ ಅದನ್ನೇ ಹಿಡಿದುಕೊಂಡರು. ಜಗಳ ಸರದಿಯ ಪ್ರಕಾರ. ನಾವೊಂದು ಹೊಡೆದರೆ ಅವನೊಂದು ಹೊಡೆಯುತ್ತಾನೆ. ನಮ್ಮ ಸರದಿ ಬಂದಾಗ ನಾವು ಗುಂಡಿ ಒತ್ತುವ ತನಕ ಅವನು ಉರಿಯುತ್ತ ಸುಮ್ಮನೆ ನಿಂತಿರುತ್ತಾನೆ. ಗವಿಯೊಳಗೆ ಹೊಕ್ಕ ಮೇಲೆ ಆಟವನ್ನು ಉಳಿಸಿಡುವ ಹಾಗಿಲ್ಲ. ಸತ್ತರೆ, ಅಥವಾ ಕರೆಂಟು ಹೋದರೆ, ಮತ್ತೆ ಗವಿಯ ಬಾಗಿಲಿನಿಂದ ಶುರು.

ಲೈನಣ್ಣ ಹುಡುಗರ ಬೆನ್ನ ಹಿಂದೆ ನಿಂತವರು ಅಲ್ಲಾಡಲಿಲ್ಲ. ಪರದೆ ಬೆಳ್ಳಗಾದಾಗಲೆಲ್ಲ ಅವರ ಭುಜ ಮುದುಡುತ್ತಿತ್ತು. ಹುಡುಗರ ಯೋಧ ಕಬ್ಬಿಣದ ಕವಚ, ಕಬ್ಬಿಣದ ಶಿರಸ್ತ್ರಾಣ, ಮಾರುದ್ದ ಕತ್ತಿ ಹಿಡಿದು ನಿಂತಿದ್ದ. "ಯಾರಪ್ಪ ಈ ಪೆದ್ದ? ಮೈತುಂಬ ಕಬ್ಬಿಣ ಹಾಕ್ಕೊಂಡು ಸಿಡ್ಲಿನ ಮುಂದೆ ಹೋಗಿ ನಿಂತವನೆ!" ಎಂದರು. ಇದು ಆಟ ಚೇಟ್ಟಾ, ಇಲ್ಲಿ ಕವಚ ಇದ್ದರೆ ಪೆಟ್ಟು ಕಮ್ಮಿ ಎಂದು ಹುಡುಗರು ಹೇಳಿದರು. ಲೈನಣ್ಣನಿಗೆ ಅದು ತಲೆಗೆ ಹತ್ತಲಿಲ್ಲ. "ಆಟವಾದ್ರೆ? ಆಟದಾಗೆ ಕಬ್ಬಿಣ ಬಾಳೆದಿಂಡು ಆಗ್ತದಾ?" ಎಂದು ಕೇಳಿ ಕೊಡೆ ಸಿಕ್ಕಿಸಿಕೊಂಡು ಹೋದರು.

ಮರುದಿನ ಡ್ಯೂಟಿ ಮುಗಿಸಿ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ತಂಗೀ, ಅವನನ್ನ ನಂಗೊಂದು ಸಲ ಹಾಕಿಕೊಡು" ಎಂದರು. ನನಗೆ ನಗು ಬಂತು. ಆದರೆ ಅವರ ಮುಖ ನೋಡಿ ನುಂಗಿಕೊಂಡೆ. ಮೊದಲಿನಿಂದ ಆಡಬೇಕು ಅಣ್ಣಾ, ಸಿಡ್ಲಪ್ಪ ಕೊನೆಗೆ ಬರೋದು ಅಂದೆ. ಸರಿ, ಮೊದಲಿನಿಂದಲೇ ಆಗಲಿ ಅಂದರು. ಯೋಧನಿಗೆ ಒಂದು ಹೆಸರಿಡಬೇಕು ಎಂದು ಆಟ ಕೇಳಿತು. "ಹೆಸರು ಬ್ಯಾಡ. ಹೆಸರಿಟ್ಟರೆ ಸತ್ತಾಗ ಸಂಕಟ ಆಗ್ತದೆ" ಎಂದರು. ನಾನು ಎ ಎ ಎ ಎಂದು ಒತ್ತಿ ಬಿಟ್ಟೆ.

ಹಾಗೆ ನಮ್ಮ ಎಎಎ ಹೊರಟ. ನೆಟ್ಟಗಿದ್ದ ಮೂರು ಬೆರಳಲ್ಲಿ ಕೀಲಿ ಒತ್ತುತ್ತ, ಉಸಿರು ಬಿಗಿಹಿಡಿದು, ಕಲ್ಲಿನವನನ್ನು ಉರುಳಿಸಿದರು, ನೀರಿನವಳನ್ನು ಒಣಗಿಸಿದರು, ಬೆಂಕಿಯವನನ್ನು ಆರಿಸಿದರು. ಬೇಸಿಗೆಯೆಲ್ಲ ಹೀಗೇ ಹೋಯಿತು. ಹೊರಗೆ ದೂರದಲ್ಲಿ ಎಲ್ಲಾದರೂ ಗುಡುಗಿದರೆ ಸಾಕು, ಆಟ ಎಂಥ ಘಟ್ಟದಲ್ಲಿದ್ದರೂ ಎದ್ದು ಅಂಗಡಿಯ ಪ್ಲಗ್ಗೆಲ್ಲ ಕಿತ್ತುಬಿಡುತ್ತಿದ್ದರು. ಹುಡುಗರು ಬೊಬ್ಬೆ ಹೊಡೆದರೆ, "ಒಳಗಿರೋನು ಸುಳ್ಳು, ಹೊರಗಿರೋನು ನಿಜ. ನಿಜದವನಿಗೆ ಮೊದಲು ಮರ್ಯಾದೆ" ಎನ್ನುತ್ತಿದ್ದರು. ಇದನ್ನೆಲ್ಲ ಮನೆಯಲ್ಲಿ ಹೇಳಿರಲಿಲ್ಲ. ಈ ವಯಸ್ಸಿನಲ್ಲಿ ಹುಡುಗಾಟಿಕೆ ಎಂದು ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಬೈದಾರು ಅಂತ ಭಯ. ಅಂಗಡಿಯಲ್ಲಿ ವಯರಿಂಗ್ ನೋಡ್ತಿದ್ದೀನಿ ಎಂದು ಹೇಳುತ್ತಿದ್ದರಂತೆ. ತಿಂಗಳುಗಟ್ಟಲೆ ಮುಗಿಯದ ವಯರಿಂಗು!

ಸಿಡ್ಲಪ್ಪನ ಗವಿಯ ಬಾಗಿಲಿಗೆ ಬಂದದ್ದೇ ಲೈನಣ್ಣ ಎಎಎಯ ಕವಚ ಬಿಚ್ಚಿಸಿದರು. ಶಿರಸ್ತ್ರಾಣ ತೆಗೆಸಿದರು. ಕತ್ತಿ ಮಾರಿ ಒಂದು ಮರದ ದೊಣ್ಣೆ ತೆಗೆದುಕೊಂಡರು. ಉಳಿದ ದುಡ್ಡಿಗೆಲ್ಲ ಗಾಯದ ಮದ್ದು. ಹುಡುಗರು ತಲೆ ಮೇಲೆ ಕೈ ಹೊತ್ತರು. ನಾನೂ ಹೇಳಿದೆ, ಅಣ್ಣಾ, ಇದು ಆತ್ಮಹತ್ಯೆ. "ಆಗಲಿ. ಕಬ್ಬಿಣ ಕಟ್ಟಿ ಒಬ್ಬನನ್ನ ಮೇಲಕ್ಕೆ ಕಳಿಸೋದು ನನ್ನ ಕೈಲಿ ಆಗೋದಿಲ್ಲ ಕಣವ್ವ" ಎಂದರು. ಎಎಎ ಒಳಗೆ ಹೋದ, ಎರಡು ಪೆಟ್ಟಿಗೆ ಬೂದಿಯಾದ. ಮತ್ತೆ ಹೋದ, ಮತ್ತೆ ಬೂದಿ. ದಿನಾ ಅದೇ. ಹುಡುಗರು ಒಬ್ಬೊಬ್ಬರಾಗಿ ಸಿಡ್ಲಪ್ಪನನ್ನು ಸೋಲಿಸಿ ಬೇರೆ ಆಟಕ್ಕೆ ಹೋದರು. ನನಗೆ ನೋಡಿ ನೋಡಿ ರೋಸಿ ಹೋಗುತ್ತಿತ್ತು. ಹಟ ಅಂದರೆ ಕತ್ತೆ ಹಟ ಅಂತ ಮುಖಕ್ಕೇ ಅಂದುಬಿಟ್ಟೆ. ಅವರು ನಕ್ಕು, ಮತ್ತೊಂದು ಸಲ ಗವಿಯ ಬಾಗಿಲಿಗೆ ಹೋದರು.

ಆದರೆ ಸೋತು ಸೋತು ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಮೈಮೇಲೆ ಭಾರ ಇಲ್ಲದ್ದರಿಂದ ಎಎಎ ಹಗುರಾಗಿದ್ದ. ಸಿಡ್ಲಪ್ಪ ಒಂದು ಸಲ ಹೊಡೆಯುವಷ್ಟರಲ್ಲಿ ಇವನಿಗೆ ಒಮ್ಮೊಮ್ಮೆ ಎರಡು ಸರದಿ ಸಿಗುತ್ತಿತ್ತು. ಕೆಲವು ಪೆಟ್ಟು ಇವನಿಗೆ ತಾಗದೆ ಗೋಡೆಗೆ ಹೋಗುತ್ತಿತ್ತು. ಒಂದು ಸರದಿಯಲ್ಲಿ ಮದ್ದು ಕುಡಿಸು, ಇನ್ನೊಂದರಲ್ಲಿ ದೊಣ್ಣೆ ಬೀಸು. ಕಡಲೆ ತಿಂದ ಹಾಗೆ ನಿಧಾನ. ಇದನ್ನು ಯಾರೂ ಕಂಡುಹಿಡಿದಿರಲಿಲ್ಲ, ಯಾಕೆಂದರೆ ಬರಿ ಮೈಯಲ್ಲಿ ಸಿಡ್ಲಪ್ಪನ ಮುಂದೆ ನಿಲ್ಲುವಷ್ಟು ಮೊಂಡರು ಅಲ್ಲಿವರೆಗೆ ನನ್ನ ಅಂಗಡಿಗೆ ಬಂದಿರಲಿಲ್ಲ.

ಇಷ್ಟರಲ್ಲಿ ಮಿಥುನ ಮಾಸದ ಮಳೆ ಹಿಡಿಯಿತು. ಕಲ್ಪೆಟ್ಟದ ಮಾತು ದಿನದಿನಕ್ಕೆ ಹತ್ತಿರ ಬರುತ್ತಿತ್ತು. ಒಂದು ಭಾನುವಾರ, ಲೈನಣ್ಣನಿಗೆ ರಜೆ, ಬೆಳಿಗ್ಗೆಯೇ ಬಂದು ಕೂತರು. ಆವತ್ತು ಎಎಎಯ ಮೈಮೇಲೆ ಏನೋ ಬಂದಿತ್ತು. ಪೆಟ್ಟು ತಪ್ಪುತ್ತಿದೆ, ದೊಣ್ಣೆ ತಾಗುತ್ತಿದೆ. ಸಿಡ್ಲಪ್ಪನ ತಲೆ ಮೇಲಿನ ಕೆಂಪು ಗೆರೆ, ಅವನ ಆಯುಸ್ಸಿನ ಗೆರೆ, ಸವೆದು ಸವೆದು ಉಗುರಿನಷ್ಟಾಯಿತು. ಇಬ್ಬರು ಹುಡುಗರು ತಮ್ಮ ಆಟ ಬಿಟ್ಟು ಇವರ ಹಿಂದೆ ಬಂದು ನಿಂತರು. ನಾನು ಫೋಟೋಸ್ಟಾಟ್ ಮಾಡಲು ಬಂದವರನ್ನು ಕಾಯಿಸಿ ಬಂದು ನಿಂತೆ. ಮದ್ದು ಒಂದೇ ಬುಡ್ಡಿ ಉಳಿದಿತ್ತು. ಎಎಎಯ ಸರದಿ. ಆಗ ಹೊರಗೆ ಲಟಾರ್ ಎಂದು ಸದ್ದಾಯಿತು, ಟ್ಯೂಬ್‌ಲೈಟ್ ಆರಿತು, ಫ್ಯಾನ್ ನಿಂತಿತು.

ಗಾಳಿಗೆ ಎದುರಿನ ಸಿಲ್ವರ್ ಓಕಿನ ಕೊಂಬೆ ಮುರಿದು ಲೈನಿನ ಮೇಲೆ ಬಿದ್ದಿತ್ತು. ಕಂಬದ ತಲೆಯಲ್ಲಿ ಒಂದು ತಂತಿ ಕಿತ್ತು ಜೋತಾಡುತ್ತಿತ್ತು. ನಮ್ಮ ಕಂಪ್ಯೂಟರ್ ಮಾತ್ರ ಇನ್ನೂ ಉಸಿರಾಡುತ್ತಿತ್ತು, ಕೆಳಗಿದ್ದ ಯುಪಿಎಸ್ ಪೀಂ, ಪೀಂ ಎಂದು ಕೂಗುತ್ತ ಬ್ಯಾಟರಿಯಿಂದ ನಡೆಸುತ್ತಿತ್ತು. ಅದರ ಬ್ಯಾಟರಿ ಹಳೆಯದು, ಬಹಳ ಹೊತ್ತು ತಡೆಯುವುದಿಲ್ಲ. ಲೈನಣ್ಣ ಆಫೀಸಿಗೆ ಫೋನ್ ಮಾಡಿದರು. ಓವರ್ಸಿಯರ್ ಎತ್ತಿದರು. ಆಳುಗಳೆಲ್ಲ ಬಾವಲಿ ಕಡೆ ಬಿದ್ದ ಮರದ ಹತ್ತಿರ ಇದ್ದಾರೆ, ಬರುವಾಗ ಸಂಜೆಯಾಗುತ್ತದೆ, ಇಲ್ಲಿ ಒಬ್ಬ ಹೆಲ್ಪರ್ ಮಾತ್ರ ಇದ್ದಾನೆ ಎಂದರು.

ಲೈನಣ್ಣ ಪರದೆ ನೋಡಿದರು. ಸಿಡ್ಲಪ್ಪ ಉಗುರಿನಷ್ಟು ಆಯುಸ್ಸು ಹಿಡಿದುಕೊಂಡು ಉರಿಯುತ್ತ ನಿಂತಿದ್ದ. ಬಾಗಿಲಾಚೆ ಕಂಬ ನೋಡಿದರು. ಆಮೇಲೆ ಫೋನಿಗೆ ಮೆಲ್ಲಗೆ ಹೇಳಿದರು: "ಹೆಲ್ಪರ್ ಕೈಲಿ ಏಣಿ, ಬೆಲ್ಟು, ಚೈನು ಕಳಿಸಿ ಸಾರ್. ನಾನು ಹತ್ತುತೀನಿ." ಮಲಯಾಳದಲ್ಲಿಯೇ ಹೇಳಿದ್ದು, ನನ್ನ ನೆನಪಿನಲ್ಲಿ ಮಾತ್ರ ಕನ್ನಡದಲ್ಲಿ ಉಳಿದಿದೆ. "ನೀ ಕಯರುಮೋ?" ಎಂದು ಓವರ್ಸಿಯರ್ ಕೇಳಿದ್ದು ನನಗೂ ಕೇಳಿಸಿತು. ಹತ್ತುತ್ತೀಯಾ ನೀನು ಅಂತ. ಲೈನಣ್ಣ ಹೂಂ ಅಂದರು.

ಬೇಡ ಅಣ್ಣಾ, ಒಂದು ಆಟಕ್ಕೋಸ್ಕರ ಯಾಕೆ ಜೀವದ ಮೇಲೆ ಎಂದೆ. "ಆಟಕ್ಕಲ್ಲ ತಂಗೀ. ಆಟದ ನೆಪ ಸಿಕ್ಕೈತೆ, ಬುಟ್ರೆ ಇನ್ನೊಂದು ನೆಪ ಸಿಕ್ಕೋದಿಲ್ಲ" ಎಂದರು. ಬಾಗಿಲಿಗೆ ಹೋದವರು ತಿರುಗಿ, ಪರದೆಯ ಕಡೆ ಬೆರಳು ತೋರಿಸಿ, ಇವನನ್ನು ಹಿಡಿದಿಟ್ಟುಕೊ ಎಂದು ಹೇಳಿ ಇಳಿದರು. ನಾನು ಥಟ್ಟನೆ ಮಾನಿಟರ್ ಆರಿಸಿದೆ. ಪರದೆ ಕಪ್ಪಾದರೂ ಆಟ ಒಳಗೆ ನಡೆದೇ ಇರುತ್ತದೆ, ಬ್ಯಾಟರಿ ಎರಡು ಪಾಲು ಹೆಚ್ಚು ಬರುತ್ತದೆ. ಮುಟ್ಟಿದರೆ ಜೋಕೆ ಎಂದು ಹುಡುಗರಿಗೆ ಹೇಳಿ ಬಾಗಿಲಲ್ಲಿ ನಿಂತೆ.

ಹೆಲ್ಪರ್ ಏಣಿ ಹೊತ್ತು ಬಂದ. ಯಾರಾದರೂ ಆಗಿದ್ದರೆ ಓಡಿಹೋಗಿ ಹತ್ತುತ್ತಿದ್ದರು. ಲೈನಣ್ಣ ಮೊದಲು ಟ್ರಾನ್ಸ್‌ಫಾರ್ಮರಿನ ಹತ್ತಿರ ನಡೆದರು. ಫ್ಯೂಸುಗಳನ್ನು ಕಿತ್ತು, ಬೇರೆ ಯಾರೂ ಹಾಕದ ಹಾಗೆ ತಮ್ಮ ಚೀಲದಲ್ಲೇ ಇಟ್ಟುಕೊಂಡರು. ವಾಪಸು ಬರುವಾಗ ಬೇಕರಿಯ ಹಿಂದಿನಿಂದ ಡುರ್ರ್ ಎಂದು ಸದ್ದು ಎದ್ದಿತು. ಬೇಕರಿಯವನು ಜನರೇಟರ್ ಹಚ್ಚಿದ್ದ. ಲೈನಣ್ಣ ನಡುದಾರಿಯಲ್ಲಿ ನಿಂತುಬಿಟ್ಟರು. ಮುಖ ಬಿಳಿಚಿತು. ಇನ್ನು ಮುಗಿಯಿತು, ಇವರು ಹತ್ತುವುದಿಲ್ಲ ಎಂದುಕೊಂಡೆ. ಅವರು ಹೆಲ್ಪರನನ್ನು ಕರೆದು, ಹೋಗಿ ಅದನ್ನು ಆರಿಸಿ ಬಾ ಎಂದರು. ಬೇಕರಿಯವನು ಫ್ರಿಜ್ಜಿನಲ್ಲಿ ಕೇಕು ಕೆಡುತ್ತದೆ ಎಂದು ಗೊಣಗಿದ. ಸದ್ದು ನಿಂತಿತು. ಆಮೇಲೂ ಅವರು ನಂಬಲಿಲ್ಲ. ಉದ್ದ ಕೋಲಿನಿಂದ ಚೈನನ್ನು ತಂತಿಗಳ ಮೇಲೆ ಹಾಕಿ, ತುದಿಯನ್ನು ನೆಲಕ್ಕೆ ಹೊಡೆದು ಬಿಗಿದು, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿದರು. ನನ್ನ ಬೆನ್ನ ಹಿಂದೆ ಯುಪಿಎಸ್ಸಿನ ಪೀಂ ಪೀಂ ಹತ್ತಿರ ಹತ್ತಿರ ಬರತೊಡಗಿತ್ತು.

ಏಣಿಗೆ ಕಾಲಿಟ್ಟರು. ಪೇಟೆಗೆ ಪೇಟೆಯೇ ಬಂದು ನಿಂತಿತ್ತು. ಈ ಮನುಷ್ಯ ಹತ್ತಿ ಎಷ್ಟು ಕಾಲವಾಯಿತೆಂದು ಎಲ್ಲರಿಗೂ ಗೊತ್ತು. ಬಾವಲಿಗೆ ಹೋಗುವ ಬಸ್ಸು ಕೂಡ ನಿಂತಿತು, ಡ್ರೈವರ್ ಕತ್ತು ಹೊರಗೆ ಹಾಕಿದ. ಜಡಿಮಳೆ ಬಿಟ್ಟು ಹನಿ ಮಾತ್ರ. ಅರ್ಧ ಏಣಿ ಹತ್ತಿದವರು ನಿಂತರು. ಇಲ್ಲಿಂದಲೇ ಕಾಣುತ್ತಿತ್ತು, ಮೊಣಕಾಲು ನಡುಗುತ್ತಿತ್ತು, ಅದರ ಜತೆಗೆ ಏಣಿಯೂ. ಕೆಳಗೆ ಹೆಲ್ಪರ್ ಏಣಿಯನ್ನು ಅವುಚಿ ಹಿಡಿದಿದ್ದ. ಲೈನಣ್ಣ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು, ಅವರ ಮೇಲಲ್ಲ, ಅವರ ಮೊಣಕಾಲಿನ ಮೇಲೆ. ತಡೆಯಲಾರದೆ ಬಾಗಿಲಿಂದಲೇ ಕಿರುಚಿದೆ:

"ಅಣ್ಣಾ! ಸಿಡ್ಲಪ್ಪ ಕಾಯ್ತಾವ್ನೆ!"

ಅವರು ತಲೆ ತಗ್ಗಿಸಿ ನನ್ನ ಕಡೆ ನೋಡಿದರು. ಆ ದೊಡ್ಡ ಮೀಸೆ ಅಗಲವಾಯಿತು.

"ಕಾಯ್ಲಿ ಬುಡು! ಆತುರ ಅವನಿಗೆ, ನನಗಲ್ಲ!"

ಕನ್ನಡ ತಿಳಿಯದವರಿಗೆ ಏನೂ ಅರ್ಥವಾಗಲಿಲ್ಲ. ಆದರೆ ಲೈನ್‌ಮನ್ ಚೇಟ್ಟನ್ ಏಣಿಯ ಮೇಲೆ ನಿಂತು ನಗುತ್ತಿದ್ದಾರೆ ಅನ್ನುವುದು ಎಲ್ಲರಿಗೂ ಕಂಡಿತು. ಮುಂದಿನ ಮೆಟ್ಟಿಲು ಹತ್ತಿದರು. ಅದರ ಮುಂದಿನದೂ. ಕಂಬದ ತಲೆಗೆ ತಲುಪಿ ಬೆಲ್ಟು ಕಟ್ಟಿಕೊಂಡು, ಕೊಂಬೆ ಬಿಡಿಸಿ ಕೆಳಗೆ ಬೀಳಿಸಿದರು. ಮೂರು ಬೆರಳಿನ ಕೈಯಲ್ಲಿ ತಂತಿ ಎಳೆದು ಬಿಗಿದರು. ಎಷ್ಟು ನಿಧಾನ, ಎಷ್ಟು ನಿಧಾನ! ನಾನು ಒಳಗೊಂದು ಕಿವಿ, ಹೊರಗೊಂದು ಕಣ್ಣು. ಪೀಂ ಪೀಂ ಈಗ ಒಂದೇ ಉಸಿರಿಗೆ ಕೂಗುತ್ತಿತ್ತು. ಇಳಿದರು, ಚೈನು ಬಿಚ್ಚಿದರು, ಟ್ರಾನ್ಸ್‌ಫಾರ್ಮರಿನ ಕಡೆ ನಡೆದರು. ಓಡಲಿಲ್ಲ, ನಡೆದರು. ಇದ್ದಕ್ಕಿದ್ದ ಹಾಗೆ ಒಳಗೆ ಪೀಂ ನಿಂತಿತು.

ಆ ಸದ್ದು ನಿಲ್ಲುವುದಕ್ಕೆ ಎರಡೇ ಕಾರಣ. ಕರೆಂಟು ಬಂದಿರಬೇಕು, ಇಲ್ಲವೇ ಬ್ಯಾಟರಿ ಸತ್ತಿರಬೇಕು. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಆಗ ಟ್ಯೂಬ್‌ಲೈಟ್ ಎರಡು ಸಲ ಮಿಟುಕಿಸಿ ಹತ್ತಿಕೊಂಡಿತು. ಹುಡುಗರು ಕೇಕೆ ಹಾಕಿದರು. ಹೊರಗೆ ಪೇಟೆಯವರು ಚಪ್ಪಾಳೆ ಹೊಡೆದರು, ಬಸ್ಸಿನವನು ಹಾರ್ನ್ ಒತ್ತಿದ. ನಾನು ಓಡಿಹೋಗಿ ಮಾನಿಟರ್ ಹಾಕಿದೆ. ಸಿಡ್ಲಪ್ಪ ಅಲ್ಲೇ ಇದ್ದ, ಅದೇ ಗವಿ, ಅದೇ ಉಗುರಿನಷ್ಟು ಆಯುಸ್ಸು.

ಲೈನಣ್ಣ ಬಂದರು. ಯಾರೋ ಚಹಾ ಹಿಡಿದುಕೊಂಡು ಹಿಂದೆಯೇ ಬಂದರು, ಬೇಕರಿಯವನು ಕೆಡುವ ಕೇಕನ್ನೆಲ್ಲ ತಟ್ಟೆಯಲ್ಲಿಟ್ಟು ಹಂಚಲು ಬಂದ. ಅವರು ಕೈ ತೊಳೆದು ಒರೆಸಿಕೊಂಡು ಕುರ್ಚಿಯಲ್ಲಿ ಕೂತರು. ಕೊನೆಯ ಬುಡ್ಡಿ ಮದ್ದನ್ನು ಎಎಎಗೆ ಕುಡಿಸಿದರು. ಸಿಡ್ಲಪ್ಪ ಕೈ ಎತ್ತಿದ, ಪರದೆ ಬೆಳ್ಳಗಾಯಿತು. ಈ ಸಲ ಲೈನಣ್ಣನ ಭುಜ ಮುದುಡಲಿಲ್ಲ. ಪೆಟ್ಟು ಗೋಡೆಗೆ ಹೋಯಿತು. ಎಎಎ ದೊಣ್ಣೆ ಬೀಸಿದ. ನೀಲಿ ನರಗಳೆಲ್ಲ ಒಂದೊಂದಾಗಿ ಆರಿ, ಸಿಡ್ಲಪ್ಪ ಮಂಡಿಯೂರಿ, ಕರಗಿ, ಗವಿಯಲ್ಲಿ ಕತ್ತಲಾಯಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಮೂಡಿತು. ಏನಂತೆ ಎಂದು ಕೇಳಿದರು.

"ಗೆದ್ದೆ ಅಂತ ಬರೆದೈತೆ ಅಣ್ಣಾ."

ಅವರು ಕತ್ತಲಾದ ಪರದೆಯನ್ನು ಹಿಂಗೈಯಿಂದ ಒಮ್ಮೆ ಸವರಿದರು. "ಪಾಪ" ಎಂದರು. "ಅವನಿಗೆ ಇಳಿದುಹೋಗೋಕೆ ಮಣ್ಣು ಸಿಗ್ಲಿಲ್ಲ ನೋಡು. ಅದಕ್ಕೇ ಕಂಡಕಂಡವರ ಮೇಲೆ ಬೀಳ್ತಿದ್ದ."

ಸಿಡ್ಲಪ್ಪನ ಮೇಲೆ ಕನಿಕರ ತೋರಿಸಿದವರು ನನ್ನ ಅಂಗಡಿಯಲ್ಲಿ ಅವರೊಬ್ಬರೇ. ಹಾಗೆಯೇ, ಆಟದ ನಡುವೆ ಎದ್ದುಹೋಗಿ ಕೆಲಸ ಮುಗಿಸಿ ಬಂದು ಆಟ ಗೆದ್ದವರೂ ಅವರೊಬ್ಬರೇ.

ಕಲ್ಪೆಟ್ಟದ ಕುರ್ಚಿ ಬೇರೆ ಯಾರದೋ ಪಾಲಾಯಿತು. ಲೈನಣ್ಣ ಮರುವಾರದಿಂದ ಏಣಿ ಹೆಗಲಿಗೆ ಹಾಕಿಕೊಂಡರು. ಮೊಣಕಾಲು ಪೂರ್ತಿ ನಿಂತಿತು ಎಂದು ಸುಳ್ಳು ಹೇಳಲಾರೆ. ನಡುಗಿದರೆ ಅಲ್ಲೇ ನಿಂತು, ಎರಡು ಮಾತು ಬೈದು, ಮತ್ತೆ ಹತ್ತುತ್ತಿದ್ದರು. ನಿವೃತ್ತಿಯ ದಿನ ಆಫೀಸಿನವರು ಹಾರ ಹಾಕಿ ಜೀಪಿನಲ್ಲಿ ಮನೆಗೆ ಕರೆದೊಯ್ಯುವಾಗ, ಜಂಕ್ಷನ್ನಿನಲ್ಲಿ ಜೀಪು ನಿಲ್ಲಿಸಿ ಹಾರದ ಸಮೇತ ನನ್ನ ಅಂಗಡಿಗೆ ಬಂದರು. "ಹಾಕವ್ವ ಅವನನ್ನ" ಎಂದರು. ಅಷ್ಟು ಹೊತ್ತಿಗೆ ಎಲ್ಲರ ಜೇಬಿನಲ್ಲೂ ಆಟ ಬಂದಿತ್ತು, ಅಂಗಡಿಗೆ ಯಾರೂ ಆಡಲು ಬರುತ್ತಿರಲಿಲ್ಲ. ಹಳೆಯ ಯಂತ್ರ ಹಚ್ಚಿಕೊಟ್ಟೆ. ಓವರ್ಸಿಯರ್ ಕಣ್ಣೆದುರಿಗೇ ಎಎಎ ಎರಡು ಪೆಟ್ಟಿಗೆ ಬೂದಿಯಾದ. ಲೈನಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೋತಿದ್ದಕ್ಕೆ ಯಾರಾದರೂ ಅಷ್ಟು ಸಂತೋಷಪಟ್ಟಿದ್ದನ್ನು ನಾನು ಕಂಡಿಲ್ಲ.

ಅವರು ನನಗೆ ಕೊಟ್ಟದ್ದು ಏನೆಂದು ಈಗ ಹೇಳುತ್ತೇನೆ. ಆಟದ ವ್ಯಾಪಾರ ಬಿದ್ದುಹೋದಾಗ ಮನೆಯವರೆಲ್ಲ ಮುಚ್ಚು ಮುಚ್ಚು ಎಂದರು. ನನ್ನ ಮೊಣಕಾಲೂ ನಡುಗಿತು. ಆಗೆಲ್ಲ ಅರ್ಧ ಏಣಿಯ ಮೇಲೆ ನಿಂತು ನಗುತ್ತಿದ್ದ ಆ ಮನುಷ್ಯ ಕಣ್ಣಿಗೆ ಬರುತ್ತಿದ್ದರು. ಕಂಪ್ಯೂಟರ್ ರಿಪೇರಿ ಕಲಿತೆ, ಮೊಬೈಲ್ ರಿಪೇರಿ ಕಲಿತೆ. ಅಂಗಡಿ ಇವತ್ತಿಗೂ ಇದೆ. ಈ ಋಣವನ್ನು ಅವರ ಮುಂದೆ ಹೇಳಿದ್ದರೆ, ಸಾರಮಿಲ್ಲ ಹೋಗು, ಅದೇನು ಮಹಾ, ಎಂದು ಬೈದು ಬಾಯಿ ಮುಚ್ಚಿಸುತ್ತಿದ್ದರು.

ಕಳೆದ ಕರ್ಕಾಟಕ ಮಾಸದ ಮಳೆಯಲ್ಲಿ ಲೈನಣ್ಣ ತೀರಿಕೊಂಡರು. ಸ್ವಲ್ಪ ದಿನ ಜ್ವರ, ಮಾನಂತವಾಡಿಯ ಆಸ್ಪತ್ರೆ, ಆಮೇಲೆ ಮನೆ, ಆಮೇಲೆ ಇಲ್ಲ. ತಿಥಿಯ ದಿನ ನಾನು ಬೆಳಿಗ್ಗೆಯೇ ಹೋಗಿ ಅಡಿಗೆಗೆ ಕೈಹಾಕಿದೆ. ಎಡೆ ಇಡುವ ಮುಂಚೆ ಅತ್ತಿಗೆ ನನ್ನನ್ನು ಒಳಮನೆಗೆ ಕರೆದು ಬಾಗಿಲು ಓರೆ ಮಾಡಿದರು. ಮುಖದಲ್ಲಿ ಏನೋ ಸಂಕೋಚ.

"ಒಂದು ಮಾತು ಕೇಳ್ಬೇಕಿತ್ತು ಕಣವ್ವ. ಜ್ವರದಾಗೆ ಎರಡು ಮೂರು ಸಲ ಸಿಡ್ಲಪ್ಪ, ಸಿಡ್ಲಪ್ಪ ಅಂದ್ರು. ನಗ್ತಾ ಬೇರೆ ಇದ್ರು. ಯಾರವ್ವ ಅದು? ಭಾಳ ಬೇಕಾದವರಿರ್ಬೇಕು. ಎಲ್ಲರಿಗೂ ತಿಥಿಗೆ ಹೇಳಿಕಳಿಸ್ದೆ, ಅವರ ಮನೆ ಎಲ್ಲಿ ಅಂತ ಗೊತ್ತಾಗ್ದೆ ಅವರಿಗೆ ಮಾತ್ರ ಹೇಳೋಕಾಗ್ಲಿಲ್ಲ."

ಅಲ್ಲೇ ಅಕ್ಕಿ ಮೂಟೆಯ ಮೇಲೆ ಕೂತು ಎಲ್ಲ ಹೇಳಿದೆ, ಗವಿ, ದೊಣ್ಣೆ, ಮುಗಿಯದ ವಯರಿಂಗು, ಏಣಿ, ನನ್ನ ಕಿರುಚಾಟ, ಅವರ ಉತ್ತರ. ಅವರು ಅವತ್ತು ಕಂಬ ಹತ್ತಿದ್ದು ಮಾತ್ರ ಅತ್ತಿಗೆಗೆ ಗೊತ್ತಿತ್ತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಕಣ್ಣೀರು ಬರುವವರೆಗೆ ನಕ್ಕರು, ಆಮೇಲೆ ಬರಿಯ ಕಣ್ಣೀರು ಉಳಿಯಿತು. ಹೊರಗಿನಿಂದ ಹಿರಿಯರು ಎಡೆಗೆ ಹೊತ್ತಾಯಿತು ಎಂದು ಕೂಗಿದರು.

ಅತ್ತಿಗೆ ಮೂಗು ಒರೆಸಿಕೊಂಡು ಎದ್ದರು. "ಹಂಗಾದ್ರೆ ಅವರನ್ನ ನನಗೆ ವಾಪಸು ಕೊಟ್ಟವನೇ ಅವನು" ಎಂದರು. "ಇನ್ನೊಂದು ಎಲೆ ತಾ. ಅವನಿಗೂ ಬಡಿಸು."

ಯಾರಿಗೆ ಇದು ಎಂದು ಹಿರಿಯರು ಕೇಳಿದರು. ಅವರ ಸ್ನೇಹಿತರೊಬ್ಬರಿಗೆ ಎಂದು ಹೇಳಿ, ಲೈನಣ್ಣನ ಎಡೆಯ ಪಕ್ಕದಲ್ಲಿ ನಾನು ಸಿಡ್ಲಪ್ಪನ ಎಲೆಗೂ ಅನ್ನ ಬಡಿಸಿದೆ.